ಬಾನೆಟ್ ಬಿಸಿಯಿತ್ತು

ಸುಮಿತ್ರಾ, ಇಂಜಿನ್ ಬಿಸಿ ಮಾಡಲು ನಾನು ದೇವರನ್ನು ಬಳಸಿಕೊಂಡೆ.

ಇದನ್ನು ಇಷ್ಟು ಸಪ್ಪೆಯಾಗಿ ಬರೆಯಬೇಕೆಂದಿರಲಿಲ್ಲ. ಆಯುಷ್ಯವೆಲ್ಲ ಪಾಠ ಹೇಳಿದವನ ಬಾಯಿಂದ ಪೀಠಿಕೆಯಿಲ್ಲದೆ ಯಾವುದೂ ಹೊರಡುವುದಿಲ್ಲ. ಆದರೆ ಈ ವಿಷಯಕ್ಕೆ ಪೀಠಿಕೆ ಹಾಕಿದರೆ ಅದು ವಕಾಲತ್ತು ಆದೀತು — ಬೇಡ.

2017ರ ಮಳೆಗಾಲ ಕಳೆದ ಮೇಲೆ ನಾನು ನಿಮಗೂ ನಿಮ್ಮ ಯಜಮಾನರಾದ ಶೀನಣ್ಣನಿಗೂ ಮಾರಿದ್ದು ಟರ್ಬೊ ಪೆಟ್ರೋಲ್ ಕಾರು. ಪುಟ್ಟ ಇಂಜಿನ್ನು; ಅದು ಉಗುಳುವ ಹೊಗೆಯ ರಭಸಕ್ಕೇ ತಿರುಗಿ, ಅದಕ್ಕೇ ಗಾಳಿ ಊದುವ ಒಂದು ಚಕ್ರ, ಅದೇ ಟರ್ಬೊ. ಆ ಚಕ್ರಕ್ಕೆ ಸ್ವಲ್ಪ ಮರ್ಯಾದೆ ಬೇಕು. ದೂರ ಓಡಿಸಿ ಬಂದರೆ ಒಂದು ಗಳಿಗೆ ನಿಂತಲ್ಲೇ ಇಂಜಿನ್ ಓಡಗೊಟ್ಟು ಆಮೇಲೆ ಆರಿಸಬೇಕು, ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ನಾನೋ, ಶಾಲೆ ಬಿಟ್ಟ ಗಂಟೆ ಹೊಡೆದಂತೆ ಕೀಲಿ ತಿರುಗಿಸಿ ಇಳಿಯುತ್ತಿದ್ದವನು. ಎಣ್ಣೆಯನ್ನು ದೀಪಾವಳಿಯಿಂದ ದೀಪಾವಳಿಗೆ ಮುಂದೂಡುತ್ತಿದ್ದವನು. ಕೊನೆಕೊನೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು.

ಹಾಲಾಡಿಯ ಮೆಕ್ಯಾನಿಕ್ ನೋಡಿ ಹೇಳಿದ್ದ: "ಮಾಸ್ಟ್ರೇ, ಟರ್ಬೊ ಎಣ್ಣೆ ಕುಡೂಕ್ ಶುರು ಮಾಡಿತ್ತ್. ಬಿಸಿ ಆರೆ ಹೊಗೆ ಕಾಂತಿಲ್ಲ. ಹಾಂಗಂದೇಳಿ ಗುಣ ಆಯ್ತ್ ಅಂದ್ಕಂಬೇಡಿ ಮತ್ತೆ!"

ಇಂಜಿನ್ ಬಿಸಿಯಾದರೆ ಹೊಗೆ ಕಾಣುವುದಿಲ್ಲ — ಅವನು ಎಚ್ಚರಿಕೆಯೆಂದು ಹೇಳಿದ್ದನ್ನು ನಾನು ಉಪಾಯವೆಂದು ಕೇಳಿಸಿಕೊಂಡೆ.

ನೀವಿಬ್ಬರೂ ಕಾರು ನೋಡಲು ಬರುವ ದಿನ ಬೆಳಿಗ್ಗೆ ಅದೇ ಕಾರಿನಲ್ಲಿ ದೂರದ ಶಂಕರನಾರಾಯಣದ ದೇವಸ್ಥಾನಕ್ಕೆ ಹೊರಟೆ. ಕೈಮುಗಿದೆ, ಪ್ರಸಾದ ತೆಗೆದುಕೊಂಡೆ, ಬಾನೆಟ್ಟಿಗೆ ಕುಂಕುಮ ಹಚ್ಚಿದೆ. ಕುಂದಾಪುರದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ದೇವಸ್ಥಾನವಿದೆ, ನಿಮಗೆ ಗೊತ್ತು. ಆದರೆ ಅಷ್ಟು ಹತ್ತಿರದ ದೇವರಿಂದ ಇಂಜಿನ್ ಕಾಯುವುದಿಲ್ಲ.

ನೀವು ಬಂದವರೇ ಮೊದಲು ಮಾಡಿದ ಕೆಲಸ — ಬಾನೆಟ್ ಮೇಲೆ ಅಂಗೈ ಇಟ್ಟದ್ದು.

"ಹ್ವಾಯ್, ಇದ್ ಬಿಸಿ ಇತ್ತಲೆ! ತಣ್ಣಗಿಪ್ಪತಿಗೆ ಸ್ಟಾರ್ಟ್ ಮಾಡಿ ಕಾಣ್ಕ್ ಅಂದೇಳಿ ಡ್ರೈವಿಂಗ್ ಕ್ಲಾಸಗೆ ಹೇಳಿರ್. ನಾಳೆ ಬಪ್ಪುವಾ?"

"ಬೇರೆಯವ್ರ ಕೈಗೆ ಕೊಡುವ ಮೊದ್ಲ್ ದೇವ್ರಿಗೆ ತೋರ್ಸ್ಕಂಡ್ ಬಂದೆ," ಎಂದೆ. ನನ್ನ ದನಿ ಆಗ ಎಷ್ಟು ಗಂಭೀರವಾಗಿತ್ತೆಂದರೆ, ನನಗೇ ಒಂದು ಕ್ಷಣ ಭಕ್ತಿ ಬಂತು.

ಮುಂಬೈಯ ಕ್ಯಾಂಟೀನ್ ಮುಚ್ಚಿ ಊರಿಗೆ ಬಂದಿದ್ದ, ಸ್ವತಃ ಸ್ಟೀರಿಂಗ್ ಮುಟ್ಟಿರದ ಶೀನಣ್ಣ ನಕ್ಕರು: "ಎಂತ ಮಾರಾಯ್ತಿ ನೀನ್! ದೇವಸ್ಥಾನಕ್ಕೆ ಹೋಯ್ ಬಂದ್ ಬಂಡಿ ತಣ್ಣಗಿರತ್ತಾ? ನಾಕ್ ದಿನ ಕ್ಲಾಸಗೆ ಕೂಕಂಡ್ ಮಾಸ್ಟ್ರಿಗೇ ಪರೀಕ್ಷೆ ಮಾಡುಕ್ ಹೊರಟ್ಲ್ ಕಾಣಿ!"

ನಾನೂ ನಕ್ಕೆ. ನೀವು ಕೈ ಹಿಂತೆಗೆದುಕೊಂಡು ಅಂಗೈಗೆ ಹತ್ತಿದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಿರಿ.

ಸ್ಟಾರ್ಟ್ ಮಾಡಿದರೆ ಹೊಗೆ ಕಾಣಲಿಲ್ಲ; ಅಂದೇ ವ್ಯಾಪಾರ ಮುಗಿಯಿತು. ಆಮೇಲೆ ನಿಮ್ಮನ್ನು ಹೆದ್ದಾರಿಯಲ್ಲಿ ಎಷ್ಟೋ ಸಲ ನೋಡಿದೆ. ಬ್ರಹ್ಮಾವರದ ನಿಮ್ಮ ಹೊಲಿಗೆ ಅಂಗಡಿಗೆ ಒಬ್ಬರೇ ಹೋಗುತ್ತಿದ್ದಿರಿ. ನಲವತ್ತು ದಾಟಿದ ಮೇಲೆ ಕಲಿತ ಕಾರು; ಬೆನ್ನು ನೆಟ್ಟಗೆ, ಕತ್ತು ಮುಂದೆ. ಹಾರ್ನ್ ಹಾಕುವುದು ಕ್ಷಮೆ ಕೇಳಿದ ಹಾಗೆ. ಆದರೆ ಮುಖ… ಆ ಮುಖದ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲೇ ಅದು ತೆಕ್ಕಟ್ಟೆಯ ಹತ್ತಿರ ರಸ್ತೆ ಕಾಣದಷ್ಟು ಹೊಗೆ ಬಿಟ್ಟು ನಿಂತಿತು. ಟರ್ಬೊ ಹೋಯಿತು, ಜೊತೆಗೆ ಇಂಜಿನ್ನೂ. ಶೀನಣ್ಣ ನಿಮ್ಮನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನೀವು ಒಳಗೆ ಬರದೆ ಗೇಟಿನ ಹೊರಗೇ ನಿಂತಿರಿ.

"ನಿಮ್ಮತ್ರ ಇಪ್ಪತಿಗೆ ಎಂತಾರೂ ತಕರಾರ್ ಇದ್ದಿತ್ತಾ, ಮಾಸ್ಟ್ರೇ? ಇದ್ದದ್ ಹೇಳಿ."

ಶೀನಣ್ಣ ಕೇಳಿದ್ದು ಅಷ್ಟೇ. ಜಗಳವಿರಲಿಲ್ಲ, ದುಡ್ಡು ವಾಪಸ್ ಕೊಡಿ ಎಂಬ ಮಾತೂ ಇರಲಿಲ್ಲ. ನಿಜ ಹೇಳಿದ್ದರೆ ಮರ್ಯಾದೆ ಒಂದಿಷ್ಟು ಹೋಗುತ್ತಿತ್ತು — ಅದೂ ನನ್ನದು.

"ನನ್ನ ಕೈಯಗೆ ಒಂದ್ ದಿನವೂ ಇರ್ಲಿಲ್ಲ," ಎಂದೆ.

"ಗೊತ್ತಿತ್ತ್. ಹೆಂಗ್ಸ್ರ್ ಕೈಗೆ ಕೊಟ್ರೆ…" ಎಂದು ಅವರು ಗೇಟಿನ ಕಡೆ ತಿರುಗಿದರು. ಮಾತನ್ನು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ತೀರ್ಪು ನಾನು ಕೊಟ್ಟಾಗಿತ್ತು.

ನಿಮ್ಮ ಮನೆಗೆ ಬೇರೆ ಕಾರು ಬಂತು. ಅದಕ್ಕೆ ಡ್ರೈವರ್ ಬಂದ. ನೀವು ಬಸ್ಸಿಗೆ ಬಂದಿರಿ.

ಕಾರಿಲ್ಲದ ಮೇಲೆ ನನ್ನ ಸವಾರಿಯೂ ಬಸ್ಸಿನಲ್ಲೇ. ಆದರೂ ಎರಡು ವರ್ಷ, ನೀವು ಹತ್ತಿದ್ದು ಕಂಡರೆ ನಾನು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಕಳೆದ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ನನ್ನನ್ನು ಕಂಡವರೇ ಎದ್ದು ನಿಂತಿರಿ.

"ಕೂಕಣಿ ಮಾಸ್ಟ್ರೇ. ನನ್ ಕಾಲ್ ಗಟ್ಟಿ ಇತ್ತ್."

ಕೂತೆ. ನೀವು ಮೇಲಿನ ಕಂಬಿ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ನಗುತ್ತಲೇ ಹೇಳಿದಿರಿ: "ನಿಮ್ ಕೈಯಗೆ ಎಷ್ಟ್ ಚಂದ ಇದ್ದಿತ್ತ್ ಆ ಕಾರ್. ನಾನ್ ಎಲ್ಲಿ ತಪ್ಪಿದೆ ಅಂದೇಳಿ ಈಗಳೂ ಯೋಚ್ನೆ ಮಾಡ್ತೆ. ಕ್ಲಚ್ಚಾ, ಗೇರಾ… ಗೊತ್ತೇ ಆತಿಲ್ಲ."

ಶೀನಣ್ಣ ನಂಬಿದ್ದು ನನಗೆ ಗೊತ್ತಿತ್ತು. ನೀವೂ ನಂಬಿದ್ದೀರೆಂದು ಗೊತ್ತಿರಲಿಲ್ಲ. ಬ್ರಹ್ಮಾವರದವರೆಗೂ ನಾನು ಕೂತೇ ಬಂದೆ — ನಿಮ್ಮದೇ ಸೀಟಿನಲ್ಲಿ.

ಭಾನುವಾರ ಶೀನಣ್ಣ ಮನೆಯಲ್ಲಿರುತ್ತಾರೆ. ಬಂದು, ಅವರ ಎದುರಿನಲ್ಲೇ, ನಿಂತುಕೊಂಡೇ ಹೇಳುತ್ತೇನೆ. ಮತ್ತೆ ಪೀಠಿಕೆ ಹಾಕತೊಡಗಿದರೆ ಈ ಕಾಗದ ಅವರ ಕೈಗೆ ಕೊಡುತ್ತೇನೆ. ನೀವು ಎಲ್ಲಿಯೂ ತಪ್ಪಲಿಲ್ಲ, ಸುಮಿತ್ರಾ. ಮೊದಲ ದಿನ ಅಂಗೈ ಇಟ್ಟಾಗಲೇ ನಿಮಗೆ ಗೊತ್ತಾಗಿತ್ತು.

ಬಾನೆಟ್ ಬಿಸಿಯಿತ್ತು. ನಾನೇ ಬಿಸಿ ಮಾಡಿಕೊಂಡು ಬಂದಿದ್ದೆ.