ಗೌಸ್ ಸಾಹೇಬರ ಮೈದಾನದ ಪೆಟ್ಟಿಗೆ

ಗೌಸ್ ಸಾಹೇಬರು ಮನೆಯಿಂದ ಹೊರಗೆ ಕಾಲಿಡುವ ಮೊದಲು ಜೊತೆಯವರನ್ನು ಒಂದು ಮಾತು ಕೇಳುತ್ತಿದ್ದರು. ‘ಏನ್ ಮರ್ತೀರಿ?’ ಏನಾದರೂ ಮರೆತಿದ್ದೀರಾ ಎಂದಲ್ಲ. ಮನುಷ್ಯ ಏನನ್ನೋ ಮರೆತೇ ಇರುತ್ತಾನೆ, ಅದು ಯಾವುದೆಂದು ಗೊತ್ತಾಗುವುದಷ್ಟೇ ಬಾಕಿ ಎಂಬುದು ಅವರ ನಂಬಿಕೆ. ಸಂತೆಗೆ ಹೊರಟರೂ ಕೇಳುತ್ತಿದ್ದರು, ನಮಾಜಿಗೆ ಹೊರಟರೂ ಕೇಳುತ್ತಿದ್ದರು. ‘ನಿಮ್ಮ ಜೋಡಿ ಲಗ್ನ ಯಾಕ ಆದೆ ಅನ್ನೋದೇ ಮರ್ತೀನಿ, ನಡೀರಿ ನೀವು’ ಎಂದು ಅವರ ಹೆಂಡತಿ ಒಳಗಿನಿಂದ ಕೂಗುತ್ತಿದ್ದರು. ಸಾಹೇಬರು ನಗದೆ, ಜೇಬು ಮುಟ್ಟಿ ನೋಡಿಕೊಂಡು, ಬಾಗಿಲು ದಾಟುತ್ತಿದ್ದರು.

ಶಹಾಬಾದಿನ ಒಂದು ಕಾರ್ಖಾನೆಯ ಎರಕದ ವಿಭಾಗದಲ್ಲಿ ಅವರು ಬಡಗಿ. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ಭಾಗವನ್ನು ಮೊದಲು ಮರದಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೆತ್ತಿಕೊಡುವ ಕೆಲಸ. ನಾನು ಸೇಡಂ ಕಡೆಯವನು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಒಂದೆರಡು ವರ್ಷದಲ್ಲಿ ಶಹಾಬಾದಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ನಮ್ಮಿಬ್ಬರನ್ನು ಕೂಡಿಸಿದ್ದು ಎರಡು ಪುಟ್ಟ ಎಂಜಿನ್‌ಗಳು. ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಮಾದರಿ ವಿಮಾನಕ್ಕೆ ಹಾಕುವ ಆ ಎಂಜಿನ್‌ಗಳನ್ನು ಕಾರ್ಖಾನೆಯ ಕ್ಲಬ್ಬಿಗೆ ಬಿಟ್ಟುಹೋಗಿದ್ದರು. ಅವು ಹೇಗೆ ನಡೆಯುತ್ತವೆಂದು ಕೇಳಲು ಸಾಹೇಬರು ಶಾಲೆಯವರೆಗೆ ನಡೆದು ಬಂದರು. ಐವತ್ತು ದಾಟಿದ ಮನುಷ್ಯ, ಗಡ್ಡದಲ್ಲಿ ಮರದ ಹುಡಿ. ‘ಮೂವತ್ತು ವರ್ಷ ಬರೇ ವಜ್ಜಾ ಸಾಮಾನ ಮಾಡೀನಿ ಮಾಸ್ತರ. ನೆಲ ಬಿಟ್ಟು ಏಳೋದು ಒಂದಾದ್ರೂ ಮಾಡ್ಬೇಕಂತ ಆಸೆ ಅದ’ ಎಂದರು.

ಬೂರುಗದ ಹಗುರ ಕಟ್ಟಿಗೆಯಲ್ಲಿ ರೆಕ್ಕೆ ಕೆತ್ತಿದರು, ಗಾಳಿಪಟದ ಕಾಗದ ಹೊದಿಸಿದರು. ಈಥರ್, ಸೀಮೆಎಣ್ಣೆ, ಔಡಲೆಣ್ಣೆ ಕೂಡಿಸಿ ಇಂಧನ ಮಾಡುವುದನ್ನು ನಾನು ಪುಸ್ತಕ ನೋಡಿ ಕಲಿತೆ. ಆ ವಿಮಾನ ತನ್ನಷ್ಟಕ್ಕೆ ಹಾರಿಹೋಗುವಂಥದಲ್ಲ. ಎರಡು ಸಣ್ಣ ಉಕ್ಕಿನ ತಂತಿ ಕಟ್ಟಿ, ಹಿಡಿಕೆ ಹಿಡಿದು ನಡುವೆ ನಿಂತವರ ಸುತ್ತ ದುಂಡಗೆ ಹಾರುತ್ತದೆ. ಮೊದಲ ಸಲ ಅದು ನೆಲ ಬಿಟ್ಟು ಹಾರಿತು. ಇಳಿದ ಮೇಲೆ ಸಾಹೇಬರು ಹೋಗಿ ಅದರ ಹೊಟ್ಟೆಯ ಕೆಳಗೆ ಕೈಯಾಡಿಸಿ, ‘ಬೆಚ್ಚಗ ಅದರೀ’ ಎಂದರು.

ಎರಡನೆಯ ಸಲ ಭಂಕೂರದ ದಾರಿಯ ಬಯಲಿಗೆ ಹೋದಾಗ ಮೂತಿಯಲ್ಲಿ ತಿರುಗುವ ಫಂಕದ ನಟ್ಟು ಸಡಿಲಾಯಿತು. ಸಾಮಾನೆಲ್ಲ ಒಂದು ಕೈಚೀಲದಲ್ಲಿತ್ತು. ಚೀಲವನ್ನು ಬೋರಲು ಹಾಕಿ ಹುಡುಕಿದೆವು. ನಟ್ಟು ಬಿಗಿಯುವ ಪಾನಾ ಮನೆಯಲ್ಲಿಯೇ ಉಳಿದಿತ್ತು. ಬಿಸಿಲಲ್ಲಿ ತಿರುಗಿ ಬರುವಾಗ ಸಾಹೇಬರು, ‘ಇದಕ್ಕೊಂದು ಪೆಟಗಿ ಬೇಕು’ ಎಂದು ತೀರ್ಮಾನಿಸಿದರು.

ಬಜಾರಿನಿಂದ ಒಂದು ತಗಡಿನ ಟ್ರಂಕು ತಂದರಾಯಿತು ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ‘ನಮ್ಮ ಬಿಸಲಾಗ ತಗಡು ಹಂಚಿನಂಗ ಕಾಯ್ತದ. ಒಳಗ ಈಥರ್ ಇಡ್ತೀರಿ. ಮ್ಯಾಲಿಂದ ಎಲ್ಲಾ ಸಾಮಾನು ಒಂದಕ್ಕೊಂದು ಬಡೀತಾವ.’ ಮುಂದೆ ಒಂದು ತಿಂಗಳು ಅವರು ಕಂಡವರ ಪೆಟ್ಟಿಗೆಯನ್ನೆಲ್ಲ ತೆರೆಸಿ ನೋಡಿದರು. ಕಂಪೌಂಡರನದು, ಹಜಾಮನದು, ಹಾರ್ಮೋನಿಯಂ ರಿಪೇರಿಯವನದು. ಒಂದು ಭಾನುವಾರ ವಾಡಿ ಜಂಕ್ಷನ್ನಿಗೆ ನನ್ನನ್ನು ಕರೆದುಕೊಂಡು ಹೋಗಿ, ಗೂಡ್ಸ್ ಗಾಡಿಯ ಗಾರ್ಡೊಬ್ಬರಿಗೆ ಚಹಾ ಕುಡಿಸಿ, ಅವರ ಕರಿಯ ಪೆಟ್ಟಿಗೆ ತೆರೆಸಿದರು. ‘ನೋಡ್ರಿ, ಬಾವುಟದ ಜಾಗಾದಾಗ ಬಾವುಟ, ದೀಪದ ಜಾಗಾದಾಗ ದೀಪ. ಕಣ್ಣು ಮುಚ್ಚಿ ಕೈ ಹಾಕಿದ್ರೂ ಸಿಗಬೇಕು.’

ಕಾರ್ಖಾನೆಗೆ ಯಂತ್ರ ತುಂಬಿಕೊಂಡು ಬಂದ ದೊಡ್ಡ ಮರದ ಖೋಕಾಗಳ ಹಲಗೆಯಲ್ಲಿ ಅವರು ಪೆಟ್ಟಿಗೆ ಕಟ್ಟಿದರು. ಮೇಲೆ ವಿಮಾನ ಮಲಗಿಸಲು ಕಂಬಳಿ ಸುತ್ತಿದ ಎರಡು ಕವೆ. ಇಂಧನದ ಡಬ್ಬಿಗೆ ಹೊರಬದಿಯಲ್ಲಿ ಬೇರೆ ಗೂಡು. ಒಳಗೆ ಪಾನಾ, ಇಕ್ಕಳ, ಹೆಚ್ಚಿನ ಫಂಕ, ತಂತಿ ಸುತ್ತಿದ ಉರುಳೆ, ಗಾಯಕ್ಕೆ ಕಟ್ಟುವ ಪಟ್ಟಿ, ಟಿಂಕ್ಚರ್. ಪ್ರತಿಯೊಂದಕ್ಕೂ ಅದರದೇ ಆಕಾರದ ಗುಂಡಿ. ಗುಂಡಿಗಳ ತಳಕ್ಕೆ ಕೆಂಪು ಬಣ್ಣ ಬಳಿದರು. ಸಾಮಾನು ಇದ್ದರೆ ಕೆಂಪು ಕಾಣದು. ‘ಕೆಂಪ ಕಂಡ್ರ ಮನಿ ಬಿಡಬ್ಯಾಡ್ರಿ’ ಎಂದು ನನಗೆ ಹೇಳಿದರು.

ಗುಂಡಿಗಳಲ್ಲಿ ಒಂದು ಸ್ಪ್ರಿಂಗ್ ತಕ್ಕಡಿಯದು. ಹಾರಿಸುವ ಮೊದಲು ವಿಮಾನವನ್ನು ಗೂಟಕ್ಕೆ ಕಟ್ಟಿ, ಹಿಡಿಕೆಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಮುಳ್ಳು ಎಂಟು ಕಿಲೋ ತೋರಿಸುವವರೆಗೆ ಜಗ್ಗಬೇಕು. ಹರಿಯುವ ತಂತಿ ಅಲ್ಲಿಯೇ ಹರಿಯಲಿ ಎಂದು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ವಿಮಾನ ಹಾರಿಸಿ ತೋರಿಸಬೇಕೆಂದು ಕರೆ ಬಂತು. ಅಂದು ಬೆಳಿಗ್ಗೆ ಸಾಹೇಬರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಲು ಮುಂಚೆಯೇ ಹೋಗಿದ್ದರು. ಪೆಟ್ಟಿಗೆ ತುಂಬಿದವನು ನಾನು. ಎಲ್ಲ ಇಟ್ಟ ಮೇಲೂ ಒಂದು ಗುಂಡಿ ಕೆಂಪಾಗಿ ಕಾಣುತ್ತಿತ್ತು. ಹಿಂದಿನ ವಾರ ತೂಕದ ಪಾಠಕ್ಕೆಂದು ತಕ್ಕಡಿಯನ್ನು ಶಾಲೆಗೆ ಒಯ್ದವನು ಅಲ್ಲಿಯೇ ಬಿಟ್ಟಿದ್ದೆ. ಶಾಲೆ ಊರಿನ ಇನ್ನೊಂದು ತುದಿಯಲ್ಲಿ, ಬೀಗ ಜವಾನನ ಹತ್ತಿರ. ಕೈಯೊರೆಸುವ ಬಟ್ಟೆಯನ್ನು ಮಡಚಿ ಆ ಗುಂಡಿಯಲ್ಲಿ ತುರುಕಿದೆ. ಕೆಂಪು ಮುಚ್ಚಿತು.

ಮೈದಾನದಲ್ಲಿ ತಂತಿ ಬಿಚ್ಚಿದಾಗ ಒಂದೆಡೆ ಸಣ್ಣ ಮಡಿಕೆ ಬಿದ್ದಿದ್ದು ಕಂಡಿತು. ಬೆರಳಿನಿಂದ ತೀಡಿ ನೇರ ಮಾಡಿದೆ. ಕೈಯಿಂದ ಎರಡು ಸಲ ಜಗ್ಗಿದೆ. ಗಟ್ಟಿಯಿದೆ ಅನ್ನಿಸಿತು. ಹಗ್ಗ ಕಟ್ಟಿದ ಆಚೆ ಜನ ಕಿಕ್ಕಿರಿದಿದ್ದರು, ಕಾರ್ಖಾನೆಯ ಮ್ಯಾನೇಜರರು ಕುರ್ಚಿಯಲ್ಲಿ ಕುಳಿತಾಗಿತ್ತು.

ಎಂಜಿನ್ ಚಾಲೂ ಮಾಡುವ ಮೊದಲು, ಹಿಡಿಕೆ ಹಿಡಿದು ನಿಂತ ಸಾಹೇಬರು ಕೇಳಿದರು. ‘ಜಗ್ಗಿ ನೋಡಿದ್ರಿ?’

‘ನೋಡೀನ್ರಿ.’

‘ಎಂಟು?’

‘ಎಂಟು’ ಎಂದೆ.

ಐದನೆಯ ಸುತ್ತಿಗೋ ಆರನೆಯ ಸುತ್ತಿಗೋ ಒಂದು ತಂತಿ ಹರಿಯಿತು. ವಿಮಾನ ಒಮ್ಮೆಲೇ ಮೇಲಕ್ಕೆದ್ದು ಹೊರಳಿತು. ಆ ಸೆಳೆತಕ್ಕೆ ಎರಡನೆಯ ತಂತಿಯೂ ಹೋಯಿತು. ಹಗ್ಗದ ಆಚೆ ಮೊದಲ ಸಾಲಿನಲ್ಲಿ ಭಂಕೂರದ ಮಲ್ಲಪ್ಪ ಎಂಬವನು ಹೆಂಡತಿಯೊಡನೆ ಕುಳಿತಿದ್ದ. ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು, ಮೂವತ್ತರ ಆಸುಪಾಸು. ಹೆಂಡತಿಯ ಮುಖಕ್ಕೆ ಅಡ್ಡವಾಗಿ ಅವನು ಎಡಗೈ ಚಾಚಿದ. ತಿರುಗುವ ಫಂಕ ಆ ಕೈಯ ಮೇಲೆ ಬಿತ್ತು.

ಸಾಹೇಬರು ಓಡಿ ಬಂದು ಪೆಟ್ಟಿಗೆ ತೆರೆದರು. ಗಾಯದ ಪಟ್ಟಿ ತೆಗೆಯುವಾಗ ಪಕ್ಕದ ಗುಂಡಿಯಲ್ಲಿದ್ದ ಬಟ್ಟೆ ಕಂಡಿತು. ಅದನ್ನೆತ್ತಿದರು. ಕೆಳಗೆ ಕೆಂಪು. ಬಟ್ಟೆಯನ್ನು ಇದ್ದಂತೆಯೇ ಅಲ್ಲಿಟ್ಟರು. ನನ್ನ ಕಡೆ ಒಮ್ಮೆ ನೋಡಿ, ಮಲ್ಲಪ್ಪನ ಕೈಗೆ ಪಟ್ಟಿ ಸುತ್ತತೊಡಗಿದರು.

ಗುಲ್ಬರ್ಗಾಕ್ಕೆ ಒಯ್ದು ಹೊಲಿಗೆ ಹಾಕಿಸಿದರು. ಗಾಯ ಮಾಯಿತು, ಆದರೆ ಮೂರು ಬೆರಳು ಮಡಚಲು ಬರಲಿಲ್ಲ. ಉಳಿ ಹಿಡಿಯುವ ಕೈ ಅದು.

ಕಾರ್ಖಾನೆಯ ಆಫೀಸಿನಲ್ಲಿ ವಿಚಾರಣೆಯಾಯಿತು. ತಂತಿ ಪರೀಕ್ಷೆ ಯಾರು ಮಾಡಬೇಕಿತ್ತು ಎಂದು ಮ್ಯಾನೇಜರರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಎದ್ದು ನಿಂತರು. ‘ನಾನರೀ. ಜಗ್ಗಿ ನೋಡಿಲ್ಲ. ಗಲ್ತಿ ನಂದದ.’ ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ನಾನು ತೆರೆಯುತ್ತಿದ್ದೆನೇ ಎಂಬುದು ನನಗೆ ಇಂದಿಗೂ ಖಾತ್ರಿಯಿಲ್ಲ. ಎಂಜಿನ್‌ಗಳನ್ನು ವಾಪಸು ಪಡೆದರು. ಸಾಹೇಬರನ್ನು ಅವರ ಕೆತ್ತನೆಯ ಮೇಜಿನಿಂದ ಎಬ್ಬಿಸಿ, ಖೋಕಾಗಳಿಗೆ ಮೊಳೆ ಹೊಡೆಯುವ ಅಂಗಳಕ್ಕೆ ಹಾಕಿದರು.

ಅಂದು ಸಂಜೆ ಅವರ ಮನೆಗೆ ಹೋದೆ. ಅವರು ಕುಳಿತುಕೊಳ್ಳಿ ಎನ್ನಲಿಲ್ಲ.

‘ಸಾಹೇಬ್ರ, ನಾಳಿ ಹೋಗಿ ಖರೇ ಹೇಳ್ತೀನಿ’ ಎಂದೆ.

‘ಹೇಳಿದ್ರ ನಿಮ್ಮ ನೌಕರಿ ಹೋಗ್ತದ. ನನ್ನ ಮ್ಯಾಲ ಸುಳ್ಳು ಹೇಳಿದ ಅಂತ ಇನ್ನೊಂದು ಗುನ್ಹಾ ಬರ್ತದ. ಬ್ಯಾಡ.’ ಎಂದರು. ‘ಹಿಡಕಿ ನನ್ನ ಕೈಯಾಗಿತ್ತು. ಹಾರಸಾಂವ ತಾನೇ ನೋಡ್ಬೇಕು. ಅದಕ್ಕ ನನ್ನ ಮ್ಯಾಲ ಹಾಕ್ಕೊಂಡೀನಿ. ಅದನ್ನ ಮಾಫಿ ಅಂತ ತಿಳ್ಕೋಬ್ಯಾಡ್ರಿ ಮಾಸ್ತರ. ಎಂಟು ಅಂದ್ರಿ ನೀವು.’

ಆಮೇಲೆ ಬಹಳ ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಅವರು ಏನು ಮಾಡುತ್ತಿದ್ದಾರೆ ಎಂಬುದು ಮಾತ್ರ ಕಿವಿಗೆ ಬೀಳುತ್ತಿತ್ತು. ಶುಕ್ರವಾರದ ನಮಾಜು ಮುಗಿಸಿ ಭಂಕೂರಕ್ಕೆ ನಡೆದು ಹೋಗುತ್ತಿದ್ದರು. ಮಡಚದ ಬೆರಳಿಗೆ ಉಳಿ ನಿಲ್ಲುವಂತೆ ಮಣಿಕಟ್ಟಿಗೆ ಕಟ್ಟುವ ಮರದ ಹಿಡಿಯೊಂದನ್ನು ಕೆತ್ತುತ್ತಿದ್ದರು. ಮೊದಲಿನದು ಸುತ್ತಿಗೆಯ ಏಟಿಗೆ ಸೀಳಿತು. ಎರಡನೆಯದು ಚರ್ಮ ಕಿತ್ತಿತು. ಮಲ್ಲಪ್ಪ ಅವರ ಮುಖ ನೋಡುತ್ತಿರಲಿಲ್ಲ, ಅವನ ಹೆಂಡತಿ ಬಾಗಿಲಲ್ಲಿ ನಿಂತು ಈಸಿಕೊಳ್ಳುತ್ತಿದ್ದಳು. ಮೂರನೆಯದು ಕೂತಿತು. ಆದರೆ ಅದನ್ನು ಕಟ್ಟಿಕೊಂಡು ಅರ್ಧ ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗುತ್ತಿರಲಿಲ್ಲ. ವಿಮಾನದ ಪೆಟ್ಟಿಗೆಯ ಗುಂಡಿಗಳನ್ನು ಕಿತ್ತು, ಉಳಿ ಸುತ್ತಿಗೆಗಳ ಅಳತೆಗೆ ಹೊಸದಾಗಿ ಕೊರೆದು ಅದನ್ನೂ ಕೊಟ್ಟುಬಂದರಂತೆ. ಮಲ್ಲಪ್ಪ ಅದನ್ನು ಅಂಗಳದಲ್ಲಿಟ್ಟು ಕುಳಿತುಕೊಳ್ಳಲು ಬಳಸುತ್ತಿದ್ದ.

ಕೆಲವು ವರ್ಷದ ಮೇಲೆ ನಮ್ಮ ಶಾಲೆಯ ವರಾಂಡಕ್ಕೆ ಫರಸಿ ಹಾಸಲು ಬಂದವರಲ್ಲಿ ಮಲ್ಲಪ್ಪನೂ ಇದ್ದ. ನನ್ನನ್ನು ಗುರುತು ಹಿಡಿದ. ‘ಆ ಸಾಬ ಆಟ ಆಡ್ಲಿಕ್ಕ ಹೋಗಿ ನನ್ನ ಕೈ ಕಳದ. ನೀವು ಓದಿದವ್ರು, ಅಂಥವನ ಸಂಗ ಹ್ಯಾಂಗ ಮಾಡಿದ್ರಿ ಮಾಸ್ತರ?’ ಎಂದು ಕೇಳಿದ.

‘ನೀರು ಕುಡೀತೀಯೇನು ಮಲ್ಲಪ್ಪ?’ ಎಂದೆ ನಾನು. ಅಷ್ಟು ಹೊತ್ತಿಗೆ ನನ್ನ ನೌಕರಿ ಕಾಯಂ ಆಗಿತ್ತು.

ಸಾಹೇಬರು ಮತ್ತೆ ಎಂದೂ ಕೆತ್ತನೆಯ ಮೇಜಿಗೆ ಮರಳಲಿಲ್ಲ. ಮೊಳೆ ಹೊಡೆಯುತ್ತಲೇ ನಿವೃತ್ತರಾದರು. ಹೆಂಡತಿ ತೀರಿಕೊಂಡ ಮೇಲೆ ಚಿಂಚೋಳಿಯಲ್ಲಿದ್ದ ಮಗಳು ರಶೀದಾಳ ಮನೆಗೆ ಹೋದರು. ಅಬ್ಬಾಗೆ ಆರಾಮಿಲ್ಲ, ನಿಮ್ಮನ್ನು ಒಮ್ಮೆ ಕೇಳಿದರು ಎಂದು ಅವಳ ಕಾಗದ ಬಂದಾಗ ನಾನು ಮರುದಿನವೇ ಹೊರಟೆ.

ಅವರು ಹಾಸಿಗೆ ಹಿಡಿದಿದ್ದರು. ಮಾತು ನಿಂತು ನಿಂತು ಬರುತ್ತಿತ್ತು. ಊರಿನ ಸುದ್ದಿ ಕೇಳಲಿಲ್ಲ. ‘ಮಲ್ಲಪ್ಪಗ ಹೇಳಿದ್ರಿ?’ ಎಂದರು.

‘ಇಲ್ಲರಿ.’

‘ನೀವೇ ಒಂದಿನ ಹೇಳ್ತೀರಿ ಅಂತ ದಾರಿ ನೋಡಿದೆ. ನಾ ಹೇಳಿದ್ರ ಚಾಡಿ ಆಗ್ತದ. ಆಫೀಸಿನ್ಯಾಗ ಹೇಳಬ್ಯಾಡ್ರಿ ಅಂದಿದ್ದೆ. ಅವನಿಗಿ ಹೇಳಬ್ಯಾಡ್ರಿ ಅಂತ ಯಾವಾಗ ಅಂದಿದ್ದೆ?’

ನಾನು ಅಲ್ಲಿಂದ ನೇರ ಭಂಕೂರಕ್ಕೆ ಹೋದೆ. ಮಲ್ಲಪ್ಪ ಅಂಗಳದಲ್ಲಿದ್ದ. ತಕ್ಕಡಿ, ಬಟ್ಟೆ, ಎಂಟು ಎಂದ ಸುಳ್ಳು, ಆಫೀಸಿನಲ್ಲಿ ಸುಮ್ಮನೆ ಕುಳಿತದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಅವನು ಹೊಡೆಯಬಹುದು ಎಂದುಕೊಂಡಿದ್ದೆ, ಹೊಡೆದಿದ್ದರೆ ಒಳ್ಳೆಯದಿತ್ತು.

‘ಸಾಬ್ರಿಗಿ ಇದು ಗೊತ್ತಿತ್ತು?’ ಎಂದಷ್ಟೇ ಕೇಳಿದ.

‘ಅವತ್ತೇ ಗೊತ್ತಾಗಿತ್ತು.’

‘ಮತ್ತ ವಾರಾ ವಾರಾ ನಡ್ಕೋತ ಬರ್ತಿದ್ರಲ್ಲ. ಒಂದು ತಂಬಿಗಿ ನೀರು ಕೊಡ್ಲಿಲ್ಲ ನಾ ಅವರಿಗಿ.’ ಅವನು ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ. ‘ಎಲ್ಲಿ ಅದಾರ? ನಡೀರಿ.’

ಬೆಳಗಿನ ಗಾಡಿಗೆ ಹೋಗೋಣ ಎಂದೆ. ಅವನು ಆ ರಾತ್ರಿ ಶಹಾಬಾದ್ ಸ್ಟೇಷನ್ನಿನಲ್ಲಿಯೇ ಮಲಗಿದ್ದನೆಂದು ಆಮೇಲೆ ತಿಳಿಯಿತು. ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಮ್ಮಿನಲ್ಲಿ ಇಳಿದು ಚಿಂಚೋಳಿಯ ಬಸ್ಸು ಹಿಡಿದೆವು.

ರಶೀದಾ ಅವನನ್ನು ಒಳಗೆ ಕರೆದೊಯ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಆಮೇಲೆ ಮಲ್ಲಪ್ಪ ಅಳುವುದು ಕೇಳಿತು. ಅದಕ್ಕೆ ಸಾಹೇಬರು ಮೆಲ್ಲಗೆ ಏನೋ ಹೇಳಿದ್ದೂ ಕೇಳಿತು. ಎದ್ದು ಬಾಗಿಲಲ್ಲಿ ನಿಂತೆ. ಸಾಹೇಬರು ಮಲಗಿದಲ್ಲಿಂದಲೇ ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಮೃದುವಾಗಿ ಬಗ್ಗಿಸಿ ನೋಡುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ರಶೀದಾ ಹೊರಗೆ ಬಂದಳು. ‘ಮಲ್ಲಪ್ಪ ಮಾಮಾ ನಾಕು ದಿನ ಇಲ್ಲೇ ಇರ್ತಾರಂತರಿ. ನಿಮ್ಮ ಬಸ್ಸಿನ ಹೊತ್ತಾತು, ನೆನಪು ಮಾಡು ಅಂದ್ರು ಅಬ್ಬಾ’ ಎಂದಳು.

ನಾನು ಒಬ್ಬನೇ ತಿರುಗಿ ಬಂದೆ.

ತಿಂಗಳೊಪ್ಪತ್ತು ಕಳೆದಿರಬೇಕು. ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ ಮಲ್ಲಪ್ಪ ಶಾಲೆಯ ವರಾಂಡದಲ್ಲಿ ಬಂದು ನಿಂತ. ಧೋತರದ ಅಂಚಿಗೆ ಕೆಮ್ಮಣ್ಣು ಮೆತ್ತಿ ಒಣಗಿತ್ತು. ನಾನು ಹೊರಗೆ ಹೋದೆ.

‘ಸಾಬ್ರು ಹೋದ್ರು ಮಾಸ್ತರ. ಮೊನ್ನಿ ಮುಂಜಾನಿ ನನಗ ತಾರು ಬಂತು. ನಿನ್ನಿ ಮಣ್ಣು ಆತು’ ಎಂದ. ‘ನಿಮಗ ಹೇಳಿ ಹೋಗ್ಬೇಕಂತ ರಶೀದಾಬಾಯಿ ಅಂದ್ಳು. ಅದಕ್ಕ ಬಂದೆ.’

ಕುಳಿತುಕೋ ಎಂದೆ. ಅವನು ಒಲ್ಲೆನೆಂದು ತಲೆಯಾಡಿಸಿ ಗೇಟಿನ ಕಡೆ ನಡೆದ.