ಎರಡು ಸೀಟಿ ಊದಿದರೆ ಹೊರಡುವ ನಾಯಿ

ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಪುಟ್ಟ ನಾಯಿಯನ್ನು ಲಿಂಗರಾಜಪುರದ ಮನೆಗೆ ತಂದಾಗ, ಅದಕ್ಕೆ ನಡೆಯುವುದನ್ನೂ ಕಲಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕೊರಳಿಗೆ ಬೆಲ್ಟ್ ಹಾಕಿದರೆ ಸಾಕು, ಗೇಟಿನೆದುರು ಕೂತುಬಿಡುತ್ತಿತ್ತು. ಮುದ್ದು ಮಾಡಿದೆ, ಗದರಿದೆ, ತರಬೇತಿಯ ವಿಡಿಯೊಗಳನ್ನೆಲ್ಲ ನೋಡಿದೆ. ಬಿಸ್ಕತ್ತು ಖಾಲಿಯಾಯಿತೇ ಹೊರತು ನಾಯಿ ಅಲುಗಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಕುಕ್ಕರ್ ಬೆನ್ನುಬೆನ್ನಿಗೆ ಎರಡು ಸಲ ಕೂಗಿತು. ನಾಯಿ ತಟ್ಟನೆ ಎದ್ದು ನನ್ನನ್ನೂ ಎಳೆದುಕೊಂಡು ಹೊರಟಿತು.

ಮಹಡಿಯ ಬಾಡಿಗೆಮನೆಯಲ್ಲಿರುವ ರಾಯಚೂರಿನವರು ಬಸ್ ಕಂಡಕ್ಟರ್. ವಿಷಯ ಕೇಳಿ ನಕ್ಕರು. "ಬಸ್‌ಸ್ಟ್ಯಾಂಡಿನ್ಯಾಗ ಬೆಳದ ನಾಯಿರೀ ಅದು. ಒಂದ್ ಸೀಟಿಗೆ ನಿಲ್ತದ, ಎರಡಕ್ಕ ಹೊರಡ್ತದ. ಕಾನೂನು ನಿಮಗ ಗೊತ್ತಿಲ್ಲ, ಅದಕ್ಕ ಗೊತ್ತದ." ತಮ್ಮದೊಂದು ಹಳೆಯ ಸೀಟಿಯನ್ನೂ ಕೊಟ್ಟರು.

ಅಂದಿನಿಂದ ನಾನು ಸೀಟಿ ಬಾಯಲ್ಲಿಟ್ಟುಕೊಂಡೇ ವಾಕಿಂಗ್ ಹೋಗುತ್ತೇನೆ. ಆದರೂ ದಾರಿಯಲ್ಲಿ ಬಸ್ ಸ್ಟಾಪ್ ಬಂದರೆ ನಾಯಿ ಕೂರುವುದನ್ನು ಬಿಟ್ಟಿಲ್ಲ. ಕಳೆದ ವಾರ ಹಾಗೆಯೇ ಕೂತಿತು. ಸಿಟ್ಟಿನಿಂದ ಎರಡು ಸೀಟಿ ಜೋರಾಗಿಯೇ ಊದಿದೆ. ನಾಯಿ ಹೊರಟಿತು. ಪಕ್ಕದಲ್ಲಿ ನಿಂತಿದ್ದ ಬಸ್ಸೂ ಹೊರಟಿತು. ತಿರುಗಿ ನೋಡಿದರೆ, ಟೀ ಅಂಗಡಿಯಿಂದ ಲೋಟ ಹಿಡಿದೇ ಬಸ್ಸಿನ ಹಿಂದೆ ಓಡಿ ಬರುತ್ತಿದ್ದವರು ನಮ್ಮ ಮಹಡಿಯ ಕಂಡಕ್ಟರ್.

ಗಾಬರಿಯಲ್ಲಿ ಒಂದು ಸೀಟಿ ಊದಿದೆ. ಬಸ್ಸು ನಿಂತಿತು. ನಾಯಿ ಕೂತಿತು. ಓಡುತ್ತಿದ್ದ ಕಂಡಕ್ಟರೂ ಇದ್ದಲ್ಲೇ ನಿಂತುಬಿಟ್ಟರು.