ಶಿಷ್ಯೆಯ ಶಿಷ್ಯ ಕರಿಬಸವರಾಜ ಮೇಷ್ಟ್ರು

ದಾವಣಗೆರೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಹೇಳಿದ ಕರಿಬಸವರಾಜ ಮೇಷ್ಟ್ರು ಆ ಮೂವತ್ತು ವರ್ಷವೂ ಸಂಭವನೀಯತೆಯ ಲೆಕ್ಕಗಳಲ್ಲಿ ಬುಟ್ಟಿಯಿಂದ ಕೆಂಪು ಚೆಂಡು, ಕರಿ ಚೆಂಡು ತೆಗೆಸಿದ್ದೇ ಹೆಚ್ಚು. ಆ ಬುಟ್ಟಿಯನ್ನು ಅವರೂ ನೋಡಿರಲಿಲ್ಲ, ಹುಡುಗರೂ ನೋಡಿರಲಿಲ್ಲ. ನಿವೃತ್ತಿ ಹತ್ತಿರ ಬಂದಾಗ ಅವರಿಗೊಂದು ಕೊರಗು ಹತ್ತಿತು: ನಮ್ಮೂರಿನದೇ ಆದ ಒಂದು ನಿಜವಾದ ಅಂಕಿಯನ್ನು ತಾನು ಈವರೆಗೆ ಮುಟ್ಟಿಲ್ಲವಲ್ಲ!

ಅಷ್ಟರಲ್ಲಿ ಪೇಪರಿನಲ್ಲಿ ವಿಶ್ವವಿದ್ಯಾಲಯದ ಜಾಹೀರಾತು ಬಂತು. ನಗರ ಮಾಲಿನ್ಯ ಮಾಪನ, ದತ್ತಾಂಶ ವಿಶ್ಲೇಷಣೆ, ಪಿಎಚ್.ಡಿ.ಗೆ ಅವಕಾಶ, ವಯೋಮಿತಿ ಇಲ್ಲ. ವಿದ್ಯಾನಗರದಲ್ಲಿ ಅವರ ಪಕ್ಕದ ಮನೆಯವನಾದ ನಾನು, ಈ ವಯಸ್ಸಿಗೆ ಮೊಣಕಾಲು ತೋರಿಸುವುದಕ್ಕೆ ಡಾಕ್ಟರು ಬೇಕೇ ಹೊರತು ನಾವೇ ಡಾಕ್ಟರಾಗಬೇಕಾಗಿಲ್ಲ ಎಂದು ಬುದ್ಧಿ ಹೇಳಿದೆ. ಅವರು ಪ್ರವೇಶ ಪರೀಕ್ಷೆ ಬರೆದು ಪಾಸಾದರು. ನನ್ನ ಸಲಹೆಗಳ ಗತಿ ಸಾಮಾನ್ಯವಾಗಿ ಇದೇ.

ಮಾರ್ಗದರ್ಶಕರಾಗಿ ಸಿಕ್ಕಿದ್ದು ಹರಿಹರದ ಗುಲ್ನಾಜ್, ಮೇಷ್ಟ್ರ ಕೈಯಲ್ಲೇ ಕಲಿತ ಹುಡುಗಿ. ಈಗ ಆಕೆ ಪ್ರೊಫೆಸರು, ಇವರು ವಿದ್ಯಾರ್ಥಿ. ಮೇಷ್ಟ್ರು ಕೋಣೆಗೆ ಹೋದರೆ ಆಕೆ ಎದ್ದು ನಿಲ್ಲುವಳು. ಗೈಡು ನಿಂತಿರುವಾಗ ತಾನು ಕೂರುವುದು ಹೇಗೆಂದು ಇವರೂ ನಿಲ್ಲುವರು. ಆರಂಭದ ತಿಂಗಳುಗಳ ಸಂಶೋಧನೆಯೆಲ್ಲ ನಿಂತುಕೊಂಡೇ ನಡೆಯಿತು.

ಹವೆಯಲ್ಲಿನ ಹೊಗೆ, ದೂಳು ಅಳೆಯುವ ಎರಡು ಡಬ್ಬಿ ಬಂದವು. ಒಂದನ್ನು ಮೇಷ್ಟ್ರ ಮಾಳಿಗೆಯ ಮೇಲೂ ಇನ್ನೊಂದನ್ನು ಹರಿಹರದಲ್ಲಿ ಗುಲ್ನಾಜ್‌ಳ ತಾಯಿ ಹಜೀರಾಬೀ ಅವರ ಮನೆಯ ಮೇಲೂ ಕೂರಿಸಿದರು. ದಾವಣಗೆರೆಯ ಡಬ್ಬಿ ದಿನಾ ಬೆಳಗಿನ ಜಾವ ಹೊಗೆ ಏರಿದ್ದನ್ನು ತೋರಿಸಿತು. ಸೋಮವಾರವಂತೂ ಹೊಗೆ ಒಂದು ತಾಸು ಮೊದಲೇ ಏಳುತ್ತಿತ್ತು. ಮೇಷ್ಟ್ರು ಹಿಗ್ಗಿಹೋದರು. ಹೆದ್ದಾರಿಯ ಲಾರಿಗಳೇ ಇದಕ್ಕೆ ಕಾರಣ, ವಾರದ ಮೊದಲ ದಿನ ಮಾರುಕಟ್ಟೆಗೆ ಮಾಲು ಬೇಗ ಬರುತ್ತದೆ ಎಂದು ಒಂದು ದೊಡ್ಡ ಅಧ್ಯಾಯ ಬರೆದರು. ನನಗೂ ಓದಿಸಿದರು. ಏನೂ ತಿಳಿಯಲಿಲ್ಲವಾದ್ದರಿಂದ ಬಹಳ ಮೆಚ್ಚಿಕೊಂಡೆ. ಗುಲ್ನಾಜ್ ಅಲ್ಪವಿರಾಮಗಳನ್ನಷ್ಟೇ ತಿದ್ದಿ, ಇನ್ನೊಮ್ಮೆ ನೋಡಿ ಸರ್ ಎಂದು ಕಳಿಸಿದಳು. ಮತ್ತೆ ಕಳಿಸಿದರೆ ಮತ್ತೆ ಅದೇ ಮಾತು.

ಸಂಕ್ರಾಂತಿ ಮುಗಿದ ಮೇಲೆ ಪ್ರಗತಿ ಪರಿಶೀಲನೆಯ ಸಭೆ ಇತ್ತು. ಅಲ್ಲಿ ಈ ಅಧ್ಯಾಯ ಒಪ್ಪಿಗೆಯಾದರೆ ನಿವೃತ್ತಿಗೆ ಮೊದಲೇ ಪದವಿ. ಒಪ್ಪಿಗೆಯಾಗದಿದ್ದರೆ ಇನ್ನೊಂದು ವರ್ಷ ಅಳೆಯಬೇಕು. ಅಷ್ಟರಲ್ಲಿ ಮೇಷ್ಟ್ರು ಕಾಲೇಜಿನಿಂದ ಬರಿಗೈಯಲ್ಲಿ ಮನೆಗೆ ಬಂದಿರುತ್ತಿದ್ದರು.

ಸಭೆಗೆ ಮುಂಚಿನ ಭಾನುವಾರ ಗುಲ್ನಾಜ್ ಮೇಷ್ಟ್ರನ್ನು ಹರಿಹರದ ಮನೆಗೆ ಕರೆದಳು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ಹಜೀರಾಬೀ ಚಹಾ ಕೊಟ್ಟು, ಮಗಳಿಗೆ ಕಣ್ಣಲ್ಲೇ ಏನೋ ಸನ್ನೆ ಮಾಡಿ, ಆಮೇಲೆ ಬಾಯಿಬಿಟ್ಟೇ ಹೇಳಿದರು.

"ಅವ್ರು ನಿನ್ನ ಉಸ್ತಾದ್. ಅದಬ್‌ನಿಂದ, ಮರ್ಯಾದೆಯಿಂದ ಕೇಳು. ಆದ್ರೆ ಕೇಳು."

ಗುಲ್ನಾಜ್ ಎದ್ದು ನಿಂತಳು. "ಸರ್, ಒಂದು ಡೌಟಿತ್ತು."

"ಕೇಳಮ್ಮ," ಎಂದರು ಮೇಷ್ಟ್ರು, ಮೂವತ್ತು ವರ್ಷದ ಅಭ್ಯಾಸದಂತೆ.

"ಸೋಮವಾರ ಅಷ್ಟೇ ಅಲ್ಲ ಸರ್, ಶ್ರಾವಣ ತಿಂಗಳು ಪೂರ್ತಿ ಹೊಗೆ ಬೇಗ ಎದ್ದೈತೆ. ಲಾರಿಗಳೂ ಶ್ರಾವಣ ಮಾಡ್ತಾವಾ?"

ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ.

"ದಸರಾ ಆದ ವಾರ ಹೊಗೆನೇ ಇಲ್ಲ ಸರ್. ಆ ವಾರ ಮನ್ಯಾಗೆ ಅಮ್ಮಾರು ಇದ್ರಾ?"

ಇರಲಿಲ್ಲ. ಮೇಷ್ಟ್ರ ಹೆಂಡತಿ ಗುರುಶಾಂತಮ್ಮ ಆ ವಾರ ಕೊಟ್ಟೂರಿನ ತವರುಮನೆಯಲ್ಲಿದ್ದರು. ಮೇಷ್ಟ್ರು ತಣ್ಣೀರು ಸ್ನಾನ ಮಾಡಿ ಸೀನುತ್ತ ತಿರುಗಾಡಿದ್ದು ನನಗೇ ನೆನಪಿತ್ತು. ಅವರ ಬಚ್ಚಲ ಒಲೆಯ ಹೊಗೆ ಕೊಳವೆ ಹಿತ್ತಲ ಕಡೆಯಿಂದ ಮೇಲೆ ಬಂದು ಮಾಳಿಗೆಯ ಅಂಚಿನಲ್ಲಿ, ಡಬ್ಬಿಯ ನೇರ ಕೆಳಗೆ ಬಾಯಿ ತೆರೆದಿತ್ತು. ಪೂಜೆಯ ದಿನಗಳಲ್ಲಿ ಗುರುಶಾಂತಮ್ಮ ಬೇಗ ಎದ್ದು ಒಲೆ ಹಚ್ಚುತ್ತಿದ್ದರು. ಮೇಷ್ಟ್ರು ಏಳುವಾಗ ಬಿಸಿನೀರು ಸಿದ್ಧವಿರುತ್ತಿತ್ತು. ಹಂಡೆಯಲ್ಲಿ ನೀರು ತಾನಾಗಿಯೇ ಕಾಯುತ್ತದೆ ಎಂದು ನಂಬಿದ ಗಂಡಸು ಅವರೊಬ್ಬರೇ ಅಲ್ಲ. ನಾನೂ ಅದೇ ಮತದವನು.

"ಇದು ನಿಂಗೆ ಯಾವಾಗ ತಿಳೀತು?"

"ದೀಪಾವಳಿಗೇ ಅನುಮಾನ ಬಂತು ಸರ್."

"ಮತ್ಯಾಕ ಹೇಳ್ಲಿಲ್ಲ?"

"ನಿಮಗೆ ತಪ್ಪು ಅಂತ ಹೆಂಗೆ ಹೇಳ್ಲಿ ಸರ್..."

"ನಿಂಗೆ ಮಾರ್ಕ್ಸ್ ಕಡಿಮೆ ಹಾಕಿದಾಗ ನಾನೇನು ನಿನ್ನ ಮುಖ ನೋಡಿ ಹಾಕಿದ್ನಾ? ತಪ್ಪು ಅನ್ನು."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು. "ತಪ್ಪು ಸರ್. ಚಾಪ್ಟರ್ ಪೂರಾ ತೆಗೀಬೇಕು."

ತಮ್ಮ ಪಾಲಿನ ಬೈಗುಳವನ್ನು ಮೇಷ್ಟ್ರು ಶ್ರದ್ಧೆಯಿಂದ ಕೇಳಿಸಿಕೊಂಡರು. ಡಬ್ಬಿ ಎಲ್ಲಿಡಬೇಕೆಂಬ ಮೊದಲ ಪಾಠವನ್ನೇ ಮರೆತಿದ್ದೀರಿ ಎಂದಳಲ್ಲ, ಎದುರಿಗಿದ್ದ ನನಗೇ ಬೆವರಿತು. ಹೇಳಿ ಮುಗಿಸಿದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ವಾಪಸ್ ಬರುವಾಗ ನಾನು ಮತ್ತೊಂದು ಸಲಹೆ ಕೊಟ್ಟೆ. ಸಭೆಯವರಿಗೆ ನಿಮ್ಮ ಬಚ್ಚಲು ಗೊತ್ತಿಲ್ಲ, ಲಾರಿಗಳು ಬಂದು ಸಾಕ್ಷಿ ಹೇಳುವುದಿಲ್ಲ, ಗುಲ್ನಾಜ್ ಬಾಯಿ ಬಿಡುವವಳಲ್ಲ, ಸುಮ್ಮನಿದ್ದರೆ ಪದವಿ ಮನೆಗೆ ಬರುತ್ತದೆ. ಊರು ಸೇರಿದಾಗ ಮೇಷ್ಟ್ರು ಸ್ಕೂಟರ್ ನಿಧಾನ ಮಾಡಿ ಮಾಳಿಗೆಗಳನ್ನು ಒಂದೊಂದಾಗಿ ನೋಡತೊಡಗಿದರು.

"ನಮ್ಮ ಒಂದು ಒಲಿ ಇಷ್ಟು ಹೊಗೆ ಎಬ್ಬಿಸಿದ್ರೆ, ಈ ಬೀದ್ಯಾಗೆ ಇನ್ನ ಎಷ್ಟು ಒಲಿ ಇರಬೇಕು? ಯಾರಾದ್ರೂ ಲೆಕ್ಕ ಹಾಕ್ಯಾರೇನೋ?"

ಸಭೆಯಲ್ಲಿ ಮೇಷ್ಟ್ರು ಎದ್ದು, ಹೊಗೆಯ ಮೂಲ ನಮ್ಮ ಮನೆಯ ಬಚ್ಚಲು, ಅಧ್ಯಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರಂತೆ. ಇನ್ನೊಂದು ವರ್ಷ ಕೊಟ್ಟರು. ಡಾಕ್ಟರಾಗುವ ಮೊದಲೇ ನಿವೃತ್ತರಾಗುವುದು ಖಚಿತವಾಯಿತು. ಬೀಳ್ಕೊಡುಗೆಯ ಆಮಂತ್ರಣದಲ್ಲಿ ಅವರ ಹೆಸರಿನ ಹಿಂದೆ ಬರಿ 'ಶ್ರೀ' ಇರುತ್ತದೆ.

ಸಭೆಯ ಮರುದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ನಿಮ್ಮ ಒಲೆಗೆ ಏನು ಹಾಕುತ್ತೀರಿ ಎಂದು ಕೇಳಿದರು. ಸಂಶೋಧನೆಗೆ ನೆರವಾಗುವ ಗತ್ತಿನಿಂದ ನಾನು, ತೆಂಗಿನ ಚಿಪ್ಪು ಬಿಟ್ಟರೆ ಬೇರೇನಿಲ್ಲ ಎಂದೆ. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು.

"ಅವರಿಗೇನು ಗೊತ್ತೈತೆ ಅಣ್ಣಾರೆ, ಒಂದಿನಾನಾದ್ರೂ ಒಲಿ ಮುಂದೆ ಕುಂತಾರಾ? ಹಾಲಿನ ಪಾಕೀಟು, ಹರಿದ ಚಪ್ಪಲಿ, ಎಲ್ಲಾ ಹಾಕ್ತೀವಿ. ಒಳಗೆ ಬರ್ರಿ, ಕೂಡ್ರಿ, ನಾನೇ ಹೇಳ್ತೀನಿ."

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋದರು.